ಉಜ್ಮಾ ಕೊಂಡ ಕಂಪ್ಯೂಟರು

ಉಜ್ಮಾಳ ಗಂಡ ಅಸ್ಫಾಕ ಇಪ್ಪತ್ತು ವರ್ಷ ಹುಬ್ಬಳ್ಳಿಯ ಮಂದಿಗೆ ಕಂಪ್ಯೂಟರು ಜೋಡಿಸಿಕೊಟ್ಟವನು. ಮಾರ್ಚಿನಲ್ಲಿ ಎದೆನೋವೆಂದು ಆಸ್ಪತ್ರೆಗೆ ಹೋದವನು ತಿರುಗಿ ಬರಲಿಲ್ಲ. ಉಜ್ಮಾ ಅತ್ತದ್ದು ಕಡಿಮೆ. ಬೈರಿದೇವರಕೊಪ್ಪದ ಮನೆಗೆ ಬಂದುಹೋದವರೆಲ್ಲ ಅದನ್ನೇ ಆಡಿಕೊಂಡರು. ನಲವತ್ತು ದಿನ ಕಳೆದ ಮೇಲೆ ಆಕೆ ಮೊದಲಿನಂತೆ ಸಾಲೆಗಳ ಪ್ರಶ್ನೆಪತ್ರಿಕೆ ಟೈಪು ಮಾಡಲು ಕುಳಿತಳು. ಅನ್ನ ಸಪ್ಪಗಿದ್ದರೂ ಉಪ್ಪು ಹಾಕಿಕೊಳ್ಳುತ್ತಿರಲಿಲ್ಲ.

ಜುಲೈನಲ್ಲಿ, ಅರ್ಧ ಪತ್ರಿಕೆ ಆದಾಗ ಕಂಪ್ಯೂಟರು ನಿಂತಿತು. ಗಂಡನೇ ಜೋಡಿಸಿಕೊಟ್ಟದ್ದು ಅದು. ಅಂಗಡಿಯಲ್ಲಿ ಅವನ ಪಾಲುದಾರನಾಗಿದ್ದ ಯಮನಪ್ಪ ಬಂದು, ಡಬ್ಬಿ ಬಿಚ್ಚಿ, ಬಹಳ ಹೊತ್ತು ನೋಡಿದ.

"ಮದರ್‌ಬೋರ್ಡ್ ಸುಟ್ಟೇತ್ರಿ ಭಾಬಿ. ಇದು ಇನ್ನ ನಡ್ಯಂಗಿಲ್ಲ."

"ಹೌದಾ?" ಎಂದಳು.

"ಅಸ್ಫಾಕ ಹೊಸಾದು ಮಾಡೂಣಂತ ಸಾಮಾನ ತಂದಿಟ್ಟಿದ್ದ. ಅಂಗಡ್ಯಾಗ ಹಂಗ ಅದಾವು. ನೀವು ಹೂಂ ಅಂದ್ರ ಇಲ್ಲೇ ಕುಂತು ಜೋಡಿಸಿ ಕೊಡ್ತೇನ್ರಿ. ಕಂಪನಿದು ತಗೊಂಡ್ರ, ನಾಳೆ ಏನರ ಕೆಟ್ರೂ ಅವರ ದಾರಿ ಕಾಯಬೇಕು."

"ಹೇಳ್ತೇನಿ ಯಮನಪ್ಪಣ್ಣ."

ಒಂದು ವಾರವಾದರೂ ಹೇಳಲಿಲ್ಲ. ಯಾವುದಾದರೇನು ಎನಿಸುತ್ತಿತ್ತು. ಅಷ್ಟರಲ್ಲಿ ಸಾಲೆಯ ಗುಮಾಸ್ತ ಎರಡು ಸಲ ಫೋನು ಮಾಡಿದ. ಮೂರನೆಯ ಸಲ ಫೋನು ಬಂದಾಗ ಉಜ್ಮಾ ಬುರ್ಖಾ ಹಾಕಿಕೊಂಡು ಆಟೊ ಹತ್ತಿ ಗೋಕುಲ ರಸ್ತೆಯ ಒಂದು ಶೋರೂಮಿಗೆ ಹೋದಳು.

ಅಲ್ಲಿಯ ಹುಡುಗಿ ವಿದ್ಯಾ ಒಂದೊಂದನ್ನೇ ತೋರಿಸುತ್ತ ಪ್ರೊಸೆಸರು, ರ್‍ಯಾಮು ಎಂದು ವಿವರಿಸತೊಡಗಿದಳು. ಉಜ್ಮಾಳಿಗೆ ಗೊತ್ತಿಲ್ಲದ ಹೆಸರು ಅವುಗಳಲ್ಲಿ ಒಂದೂ ಇರಲಿಲ್ಲ. ಊಟಕ್ಕೆ ಕುಳಿತಾಗಲೂ ಗಂಡನ ಬಾಯಲ್ಲಿ ಅವನ್ನೇ ಕೇಳಿದವಳು. ಒಂದೇ ಮಾತು ಕೇಳಿದಳು.

"ಇದನ್ನ ಮನ್ಯಾಗ ಬಿಚ್ಚಬಹುದೇನು?"

"ಬಿಚ್ಚಬ್ಯಾಡ್ರಿ ಮೇಡಂ. ಬಿಚ್ಚಿದ್ರ ವಾರಂಟಿ ಹೋಗತೈತಿ. ಕೆಟ್ರ ನಮ್ಮವರ ಬಂದು ಒಯ್ತಾರ್ರಿ."

"ಇದನ್ನ ಕೊಡ್ರಿ."

ವಿದ್ಯಾ ಅವಳ ಮುಖ ನೋಡಿದಳು. "ಬ್ಯಾರೆ ಒಂದೆರಡು ನೋಡಂಗಿಲ್ರಿ?"

"ಬ್ಯಾಡ."

ಮರುದಿನ ಯಮನಪ್ಪ ಬಂದಾಗ ಮೇಜಿನ ಮೇಲೆ ಹೊಸ ಕಂಪ್ಯೂಟರಿತ್ತು. ಅವನ ಮುಖ ಸಣ್ಣದಾಯಿತು.

"ನಾ ಇದ್ನಲ್ರಿ ಭಾಬಿ. ಅವನ ಕೈಲೆ ಆರಿಸಿ ಇಟ್ಟಿದ್ದ ಸಾಮಾನ ಅವು."

"ಅದಕ್ಕ ಬ್ಯಾಡ ಅನ್ನಿಸ್ತು," ಎಂದಳು ಉಜ್ಮಾ. "ನೀವು ಇಲ್ಲಿ ನೆಲದ ಮ್ಯಾಲೆ ಸಾಮಾನ ಹರವಿಕೊಂಡು ಕುಂತ್ರ ನಾ ಒಳಗಿಂದ ಅವರನ್ನ ಕರೀತಿದ್ನಿ ಯಮನಪ್ಪಣ್ಣ. ಚಾ ಆರತೈತಿ, ಬರ್ರಿ ಅಂತ."

ಆ ಸಾಮಾನು ಏನು ಮಾಡಲಿ ಎಂದು ಯಮನಪ್ಪ ಕೇಳಿದ.

"ಯಾರಿಗರ ಜೋಡಿಸಿ ಕೊಡ್ರಿ. ಕೆಲಸಕ್ಕ ಬರಲಿ."

ಗರಗ ಊರಿನ ಒಬ್ಬ ಮಾಸ್ತರರಿಗೆ ಅವನು ಅವನ್ನು ಜೋಡಿಸಿ ಕೊಟ್ಟ. ಆ ಸುದ್ದಿ ಕೇಳಿದಾಗ ಉಜ್ಮಾಳಿಗೆ ದುಃಖವೂ ಆಗಲಿಲ್ಲ, ಹಗುರವೂ ಆಗಲಿಲ್ಲ. ಹೊಸ ಕಂಪ್ಯೂಟರು ಸದ್ದಿಲ್ಲದೆ ನಡೆಯಿತು. ದಸರೆ ರಜೆಗೆ ಮುಂಚೆ ಎರಡು ಹೊಸ ಸಾಲೆಗಳ ಕೆಲಸ ಬಂತು. ಆಕೆ ಒಲ್ಲೆನೆನ್ನಲಿಲ್ಲ. ಏಳನೆಯ ತರಗತಿಯ ವಿಜ್ಞಾನ, ಆಮೇಲೆ ಎಂಟನೆಯದು, ಹೀಗೆ ಒಂದಾದ ಮೇಲೊಂದು ಟೈಪು ಮಾಡಿ ಕಳಿಸುತ್ತ ಹೋದಳು.