ಮಹಡಿಯ ಮೇಲೆ ನಾನು ಕೇಳಿದ ಪ್ರಶ್ನೆಗಳು

ಹೋದ ತಿಂಗಳು ಮಾಕಳಿಯ ನಮ್ಮ ಬೀದಿಯ ಕೊನೆಗೆ ಒಂದು ರೊಟ್ಟಿ ಖಾನಾವಳಿ ಶುರುವಾಯಿತು. ಬೆಳಗ್ಗೆ ಫ್ಯಾಕ್ಟರಿ ವ್ಯಾನಿಗೆ ಕಾಯುತ್ತ ನಿಂತರೆ ಗುರೆಳ್ಳು ಹುರಿಯುವ ವಾಸನೆ ಮೂಗಿಗೆ ಬಂದು ಹೊಡೆಯುತ್ತದೆ. ಜೊತೆಯವರು ಹಸಿವಾಗುತ್ತೆ ಎನ್ನುತ್ತಾರೆ. ನಾನು ಎರಡು ದಿನ ನೋಡಿದೆ. ಮೂರನೆಯ ದಿನದಿಂದ ಹಿಂದಿನ ಸ್ಟಾಪಿಗೆ ನಡೆದು ಹೋಗಿ ಅಲ್ಲೇ ವ್ಯಾನು ಹತ್ತುತ್ತಿದ್ದೇನೆ. ಯಾಕೆಂದು ಕೇಳಿದವರಿಗೆ, ಶುಗರ್ ಇದೆಯಲ್ಲ, ವಾಕಿಂಗ್ ಆಗಲಿ ಅಂತ ಎಂದು ಹೇಳಿದ್ದೇನೆ. ಸುಳ್ಳು. ಆ ವಾಸನೆಯ ಜೊತೆಗೆ ಅವಳ ನೆನಪು ಬರುತ್ತದೆ, ಅದನ್ನು ಎದುರಿಸುವ ಮುಖ ನನಗಿಲ್ಲ.

ಅವಳು ವಠಾರದಲ್ಲಿ ನಮ್ಮ ಪಕ್ಕದ ರೂಮಿನವಳು. ಕೊಪ್ಪಳದ ಕಡೆಯವಳು, ಗಂಡ ಕಟ್ಟಡಗಳ ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಿದ್ದ. ಪೀಣ್ಯದ ಒಂದೇ ಗಾರ್ಮೆಂಟ್ಸ್‌ನಲ್ಲಿ ನಮ್ಮಿಬ್ಬರಿಗೂ ಕೆಲಸ. ನಾನು ಟೈಲರ್, ಅವಳು ಕಾಜಾ ಮಷಿನ್ನಿನವಳು. ಅಂಗಿಗೆ ಗುಂಡಿ ಹಾಕುವ ತೂತು ಹೊಲಿಯುವುದು ಅವಳ ಕೆಲಸ. ಊರಿಂದ ಬಂದಾಗಲೆಲ್ಲ ಗುರೆಳ್ಳು ತಂದು, ಹುರಿದು ಕುಟ್ಟಿ, ಒಂದು ಡಬ್ಬಿ ನನಗೂ ಕೊಡುತ್ತಿದ್ದಳು. "ನಿಮ್ಮ ಬೆಂಗಳೂರು ಸಾರು ತಿಂದು ತಿಂದು ನಿಮ್ಮ ನಾಲಿಗಿ ಸತ್ತೈತ್ರಿ ಅಕ್ಕಾ" ಎಂದು ಛೇಡಿಸುತ್ತಿದ್ದಳು. ಆ ಕಪ್ಪು ಪುಡಿ ತಿಂದು ನಾವಿಬ್ಬರೂ ಹಲ್ಲು ಕಪ್ಪು ಮಾಡಿಕೊಂಡು ವ್ಯಾನಿನಲ್ಲಿ ನಗುತ್ತ ಹೋದ ದಿನಗಳಿವೆ...

ಅವಳನ್ನು ಯೂನಿಯನ್ನಿಗೆ ಸೇರಿಸಿದ್ದು ನಾನೇ. ಕಮಿಟಿಯಲ್ಲಿ ಹೆಂಗಸರ ಕಡೆಯಿಂದ ಇದ್ದವಳು ನಾನು. ಸಭೆಯ ನಡಾವಳಿ ಪುಸ್ತಕ ಬರೆಯುವುದೂ ನನ್ನ ಕೆಲಸ, ನನ್ನ ಅಕ್ಷರ ದುಂಡಗಿದೆ ಎಂದು. ಅವಳು ಸೇರುವ ಹಿಂದಿನ ವರ್ಷ ಒಬ್ಬ ಸೂಪರ್‌ವೈಸರ್ ನಮ್ಮ ಲೈನಿನ ಒಬ್ಬಳ ಮೈ ಮುಟ್ಟಿದ್ದ. ಕಂಪನಿಯವರ ವಿಚಾರಣೆಯಲ್ಲಿ ಅವಳ ಪಕ್ಕ ನಾನು ಕೂತಿದ್ದೆ. ಅವರ ಕಡೆಯ ಲಾಯರು ಒಂದೊಂದಾಗಿ ಕೇಳಿದ. ಯಾರು ನೋಡಿದರು? ಅವತ್ತೇ ಯಾಕೆ ಹೇಳಲಿಲ್ಲ? ಕೈ ತಾಗಿದ್ದು ಆಕಸ್ಮಿಕ ಇರಬಹುದಲ್ಲ? ನಾನು ಮೇಜು ಕುಟ್ಟಿ ಎದ್ದು ನಿಂತೆ. ಹೆಂಗಸು ಇಂಥ ಮಾತನ್ನು ತಮಾಷೆಗೆ ಹೇಳುತ್ತಾಳೇನ್ರೀ ಎಂದು ಕೂಗಿದೆ. ಸೂಪರ್‌ವೈಸರ್ ಕೆಲಸ ಕಳೆದುಕೊಂಡು ಮನೆಗೆ ಹೋದ. ಅಂದಿನಿಂದ ಪ್ರತಿ ಗೇಟ್ ಮೀಟಿಂಗಿನಲ್ಲೂ ಮೈಕು ಹಿಡಿದು, "ಹೆಣ್ಮಗಳು ಬಾಯಿಬಿಟ್ಟು ಹೇಳಿದ್ದೇ ಸಾಕ್ಷಿ" ಎನ್ನುವುದು ನನ್ನ ಪಾಠವಾಯಿತು. ಚಪ್ಪಾಳೆ ಬೀಳುತ್ತಿತ್ತು. ಎಲ್ಲರಿಗಿಂತ ಜೋರು ಚಪ್ಪಾಳೆ ಕಾಜಾ ಮಷಿನ್ನಿನವಳದ್ದು.

ಆ ವಿಚಾರಣೆಯಲ್ಲಿ ನಮ್ಮ ಬೆನ್ನಿಗೆ ನಿಂತವರು ಯೂನಿಯನ್ ಅಧ್ಯಕ್ಷರು. ನಾವೆಲ್ಲ ಅಣ್ಣ ಎನ್ನುತ್ತಿದ್ದೆವು. ನನ್ನ ಗಂಡ ಆಸ್ಪತ್ರೆಯಲ್ಲಿದ್ದಾಗ ರಕ್ತ ಕೊಟ್ಟು, ಅದೇ ಬಟ್ಟೆಯಲ್ಲಿ ಲೇಬರ್ ಆಫೀಸಿಗೆ ಓಡಿದವರು. ನಮಗೆ ವ್ಯಾನು ಬಂದದ್ದು, ಶೌಚಾಲಯಕ್ಕೆ ಹೋಗಲು ಟೋಕನ್ ಕೇಳುವುದು ನಿಂತದ್ದು, ಎಲ್ಲ ಅವರಿಂದ. ಹಾಗಾಗಿ ಅವರ ವಿರುದ್ಧ ಯಾರು ಏನೆಂದರೂ ನಾನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಒಂದು ಭಾನುವಾರ ಬೆಳಗ್ಗೆ ಮಹಡಿಯ ಮೇಲೆ ಬಟ್ಟೆ ಒಣಗಿಸುತ್ತಿದ್ದೆ. ಅವಳು ಖಾಲಿ ಬಕೆಟ್ ಹಿಡಿದು ಬಂದಳು. ಬಟ್ಟೆ ಇಲ್ಲದೆ ಯಾಕೆ ಬಂದಳೆಂದು ಕೇಳುವಷ್ಟರಲ್ಲಿ ಶುರು ಮಾಡಿದಳು. ಬುಧವಾರ ಡ್ಯೂಟಿ ಮುಗಿದ ಮೇಲೆ ಅಧ್ಯಕ್ಷರು ಬ್ಯಾನರ್ ಒಯ್ಯಲು ಯೂನಿಯನ್ ಆಫೀಸಿಗೆ ಕರೆದಿದ್ದರಂತೆ.

"ಬಾಗಲಾ ಹಾಕಿದ್ರು ಅಕ್ಕಾ. ರಟ್ಟಿ ಹಿಡಕೊಂಡ್ರು, ಎದಿ ಮ್ಯಾಲೆ ಕೈ ಹಾಕಿದ್ರು. ನಾ ನೂಕಿ ಓಡಿ ಬಂದೆ. ನಿಮ್ಮನ್ನ ಬಿಟ್ರ ಯಾರಿಗೂ ಹೇಳಿಲ್ಲ."

ಕೈಯಲ್ಲಿದ್ದ ಒದ್ದೆ ಸೀರೆಯನ್ನು ನಾನು ಹಿಂಡುತ್ತಲೇ ಇದ್ದೆ. ಮುಂದಿನ ವಾರ ವೇತನ ಒಪ್ಪಂದದ ಮಾತುಕತೆ ಇತ್ತು. ಮೂರು ವರ್ಷ ಹೋರಾಡಿ ಕಂಪನಿಯನ್ನು ಮೇಜಿಗೆ ಕರೆತಂದಿದ್ದೆವು. ಈ ಮಾತು ಹೊರಗೆ ಬಿದ್ದರೆ ಕಂಪನಿಯವರ ಬಾಯಿಗೆ ಸಕ್ಕರೆ ಹಾಕಿದಂತೆ. ಇವಳ ರಟ್ಟೆಯ ಯೋಚನೆ ಬರುವ ಮೊದಲು ನನಗೆ ಬಂದದ್ದು ಈ ಲೆಕ್ಕಾಚಾರ. ಆಮೇಲೆ ಬಾಯಿ ತೆರೆದೆ.

"ಅವತ್ತೇ ಯಾಕೆ ಹೇಳ್ಲಿಲ್ಲ ನೀನು? ಯಾರಾದ್ರೂ ನೋಡಿದ್ರಾ? ಬಾಗಿಲು ಗಾಳಿಗೆ ಮುಚ್ಕೊಂಡಿರ್ಬೋದಲ್ವಾ?"

ಯಾರಿಂದ ಕಲಿತ ಪ್ರಶ್ನೆಗಳೆಂದು ಆಗ ಹೊಳೆಯಲಿಲ್ಲ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂಬ ಗಾದೆಯನ್ನು ನಾನು ಬೇರೆಯವರ ಮೇಲೆ ಎಷ್ಟು ಸಲ ಎಸೆದಿದ್ದೆನೋ! ಅವಳು ಖಾಲಿ ಬಕೆಟ್ ಹಿಡಿದುಕೊಂಡೇ ಮೆಟ್ಟಿಲಿಳಿದಳು.

ನಮ್ಮ ಯೂನಿಯನ್ನಿನಲ್ಲಿ ಒಂದು ಪದ್ಧತಿ ಇತ್ತು. ದಾರ ಸುತ್ತುವ ಬಾಬಿನ್ನಿಗೋ ಕುರ್ಚಿಗೋ ಇಬ್ಬರು ಮೆಂಬರುಗಳು ಕಿತ್ತಾಡಿದರೆ, ಕಮಿಟಿಯ ಮುಂದೆ ಕೂರಿಸಿ, ಒಂದೇ ಫ್ಲಾಸ್ಕಿನ ಟೀ ಇಬ್ಬರಿಗೂ ಕೊಡಿಸಿ, ಕುಡಿದರೆ ಮಾತು ಮುಗಿಯಿತು ಎಂದು ಪುಸ್ತಕದಲ್ಲಿ ಬರೆಯುವುದು. ನಾನು ಈ ಮಾತನ್ನೂ ಅಲ್ಲಿಗೇ ಒಯ್ದೆ. ಮನೆಯ ಮಾತು ಮನೆಯಲ್ಲೇ ಮುಗಿಯಲಿ ಎಂದು ಅವಳನ್ನು ಪುಸಲಾಯಿಸಿ ಕರೆದುಕೊಂಡು ಹೋದವಳೂ ನಾನೇ. ಬಾಬಿನ್ ಜಗಳದ ಮದ್ದನ್ನು ಇದಕ್ಕೆ ಅರೆಯಲು ಹೊರಟ ನನ್ನ ಬುದ್ಧಿಗೆ ಏನು ಹೇಳಲಿ?

ಏಳು ಜನ ಗಂಡಸರು, ನಾನು, ಅವಳು. ಅಧ್ಯಕ್ಷರು ನಕ್ಕರು. "ಆ ಯಮ್ಮ ತಪ್ಪು ತಿಳ್ಕೊಂಡವ್ಳೆ, ತಂಗಿ ಇದ್ದಂಗೆ ನನಗೆ" ಎಂದು ತಾವೇ ಟೀ ಬಗ್ಗಿಸಿದರು. ಆ ಲೋಟವನ್ನು ಅವರ ಕೈಯಿಂದ ತೆಗೆದುಕೊಂಡು ಅವಳ ಕೈಗೆ ಕೊಟ್ಟದ್ದು ನಾನು. ಅವಳು ಕುಡಿಯಲಿಲ್ಲ, ಲೋಟವನ್ನು ನೆಲದ ಮೇಲಿಟ್ಟಳು. ಆದರೂ ನಾನು ನನ್ನ ದುಂಡು ಅಕ್ಷರದಲ್ಲಿ ಬರೆದೆ: ತಪ್ಪು ತಿಳುವಳಿಕೆ, ಬಗೆಹರಿದಿದೆ.

ಇನ್ನೂ ಒಂದನ್ನು ಹೇಳಿಬಿಡುತ್ತೇನೆ. ವಾರದೊಳಗೆ, ಕಾಜಾ ಮಷಿನ್ನಿನವಳಿಗೆ ಮ್ಯಾನೇಜ್‌ಮೆಂಟಿನವರು ತಲೆ ತುಂಬಿದ್ದಾರಂತೆ ಎಂಬ ಮಾತು ಲೈನಿನಲ್ಲೆಲ್ಲ ಓಡಾಡಿತು. ಅದು ಎಲ್ಲಿಂದ ಹುಟ್ಟಿತು ಎಂದು ನಾನೂ ಎಲ್ಲರ ಜೊತೆ ಆಶ್ಚರ್ಯಪಟ್ಟೆ. ಹುಟ್ಟಿದ್ದು ನನ್ನ ಬಾಯಲ್ಲಿ. ಕ್ಯಾಂಟೀನಿನಲ್ಲಿ ಇದರ ಹಿಂದೆ ಮ್ಯಾನೇಜ್‌ಮೆಂಟ್ ಇದೆಯಾ ಎಂದು ಯಾರೋ ಕೇಳಿದಾಗ, "ಇರ್ಬೋದೇನೋ, ಯಾರಿಗೆ ಗೊತ್ತು" ಎಂದಿದ್ದೆ. ಅಷ್ಟೇ ಸಾಕಾಗಿತ್ತು. ಊಟಕ್ಕೆ ಅವಳ ಪಕ್ಕ ಕೂರುವವರು ಇಲ್ಲವಾದರು. ತಿಂಗಳು ತುಂಬುವ ಮೊದಲು ಅವಳು ಕೆಲಸ ಬಿಟ್ಟು ರೂಮು ಖಾಲಿ ಮಾಡಿದಳು. ಟೆಂಪೋಗೆ ಸಾಮಾನು ಹೇರುವಾಗ ನಾನು ಒಳಗೆ ಬಾಗಿಲು ಹಾಕಿಕೊಂಡು ಕೂತಿದ್ದೆ...

ಒಪ್ಪಂದ ಆಯಿತು. ಗೇಟಿನಲ್ಲಿ ಸಿಹಿ ಹಂಚಿದೆವು.

ಎರಡು ವರ್ಷದ ಮೇಲೆ ಅಧ್ಯಕ್ಷರು ನಮಗೆ ಕೈಕೊಟ್ಟರು. ಅರ್ಧ ಮೆಂಬರುಗಳನ್ನು ಕಟ್ಟಿಕೊಂಡು ಎದುರು ಯೂನಿಯನ್ನಿಗೆ ಹೋಗಿ ಅಲ್ಲಿ ಮುಖಂಡರಾದರು. ಫ್ಯಾಕ್ಟರಿಯಲ್ಲಿ ಎರಡು ಯೂನಿಯನ್ನುಗಳ ನಡುವೆ ಚುನಾವಣೆ ಹತ್ತಿರವಿತ್ತು. ನಮ್ಮ ಕಮಿಟಿಯಲ್ಲಿ ಒಬ್ಬರಿಗೆ ಥಟ್ಟನೆ ಜ್ಞಾಪಕ ಬಂತು: ಆ ಕಾಜಾ ಹೆಂಗಸಿನ ವಿಷಯ ಇತ್ತಲ್ಲ? ಅವತ್ತು ಆ ಕೋಣೆಯಲ್ಲಿದ್ದು ಈಗ ನಮ್ಮ ಕಡೆ ಉಳಿದವರೆಲ್ಲ ತಲೆಯಾಡಿಸಿದರು. ಪಾಪ, ಆಗಲೇ ಕಂಪ್ಲೇಂಟ್ ಕೊಡಬೇಕಿತ್ತು ಎಂದರು. ಅವಳನ್ನು ಹುಡುಕಿ ಸಹಿ ಹಾಕಿಸಿಕೊಂಡು ಬರಲು ನನ್ನನ್ನು ಕಳಿಸಿದರು, ನಾನು ಹೋದೆ.

ಅವಳು ಬೇಗೂರಿನಲ್ಲಿದ್ದಳು, ಅಪಾರ್ಟ್‌ಮೆಂಟ್ ಒಂದರಲ್ಲಿ ಹೌಸ್‌ಕೀಪಿಂಗ್ ಕೆಲಸ. ಬಾಗಿಲು ತೆರೆದು ಒಂದು ಕ್ಷಣ ನೋಡಿ, "ಬರ್ರಿ ಅಕ್ಕಾ" ಎಂದಳು. ಚಾಪೆ ಹಾಸಿ ನೀರು ಕೊಟ್ಟಳು. ನಾನು ಟೈಪ್ ಮಾಡಿಸಿಕೊಂಡು ಹೋಗಿದ್ದ ದೂರನ್ನು ಓದಿದೆ. ರಟ್ಟೆ, ಬಾಗಿಲು, ಬುಧವಾರ, ಎಲ್ಲವೂ ಅದರಲ್ಲಿತ್ತು. ಮಹಡಿಯ ಮೇಲೆ ಅವಳು ಹೇಳಿದ ಒಂದು ಮಾತನ್ನೂ ನಾನು ಮರೆತಿರಲಿಲ್ಲ. ಓದಿ ಮುಗಿಸಿ, ಇಲ್ಲಿ ಸಹಿ ಹಾಕಮ್ಮ, ನಾವಿದ್ದೀವಿ ಎಂದೆ.

ಅವಳು ಪೆನ್ನು ಮುಟ್ಟಲಿಲ್ಲ.

"ಈಗ ಅವ್ರು ನಿಮ್ಮ ಕಡೆ ಇಲ್ಲೇನ್ರಿ?"

ಇಲ್ಲ, ಆ ಕಡೆ ಹೋದರು ಎಂದೆ.

"ಹಂಗಾರ ಈಗ ನಾ ಹೇಳಿದ್ದು ಖರೆ ಆತು" ಎಂದಳು. ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಡ್ಯೂಟಿಗೆ ಹೊತ್ತಾಯಿತೆಂದು ಎದ್ದು ಯೂನಿಫಾರ್ಮಿನ ಮೇಲುಕೋಟು ಹಾಕಿಕೊಂಡಳು. ನನ್ನನ್ನು ಬಸ್‌ ಸ್ಟಾಪಿನವರೆಗೆ ಬಿಟ್ಟು, ಯಾವ ಬಸ್ಸು ಹತ್ತಬೇಕೆಂದು ತೋರಿಸಿಯೂ ಹೋದಳು.

ಕಮಿಟಿಗೆ ಅವಳು ಸಿಗಲಿಲ್ಲ ಎಂದೆ. ಆ ವರ್ಷವೇ ಕಮಿಟಿ ಬಿಟ್ಟೆ. ಮತ್ತೆ ಒಮ್ಮೆ, ಯಾವ ಕಾಗದವೂ ಇಲ್ಲದೆ, ಬೇಗೂರಿಗೆ ಹೋದೆ. ಆ ಮನೆಯಲ್ಲಿ ಬೇರೆ ಯಾರೋ ಇದ್ದರು. ಸರ್ಜಾಪುರದ ಕಡೆ ಹೋದರು ಎಂದು ಒಬ್ಬರು, ಊರಿಗೇ ಹೋದರು ಎಂದು ಇನ್ನೊಬ್ಬರು. ಅವಳ ನಂಬರು ಈಗ ಚಾಲ್ತಿಯಲ್ಲಿಲ್ಲ.

ಅವಳ ವಿಷಯ ಗೊತ್ತಿದ್ದ ಒಬ್ಬಿಬ್ಬರು ನನ್ನನ್ನು ಸಮಾಧಾನ ಮಾಡುತ್ತಾರೆ. ಅಷ್ಟು ಒಳ್ಳೆಯ ಮನುಷ್ಯ ಅಂತಿದ್ದಾಗ ನಂಬೋದು ಹೇಗೆ, ನೀನೇನು ಕಂಡಿದ್ದೆಯಾ ಎನ್ನುತ್ತಾರೆ. ನಾನು ಹೂಂ ಎನ್ನುತ್ತೇನೆ. ನಂಬಲಿಲ್ಲ ಎಂದರೆ ತಪ್ಪು ಸಣ್ಣದಾಗುತ್ತದೆ. ಆದರೆ ಆ ಭಾನುವಾರ ಮಹಡಿಯ ಮೇಲೆ, ಅವಳು ಖಾಲಿ ಬಕೆಟ್ ಹಿಡಿದು ನಿಂತು ಮಾತು ಮುಗಿಸುವ ಮೊದಲೇ, ನಾನು ಅವಳನ್ನು ನಂಬಿದ್ದೆ. ನಂಬಿಯೇ ಆ ಪ್ರಶ್ನೆಗಳನ್ನು ಕೇಳಿದೆ. ಇದನ್ನು ಹೇಳಬೇಕಾಗಿದ್ದದ್ದು ಅವಳೊಬ್ಬಳಿಗೆ, ಅವಳು ಎಲ್ಲಿದ್ದಾಳೋ ನನಗೆ ಗೊತ್ತಿಲ್ಲ.