ಇನಾಸಿಯ ಉಳಿದ ಕರಿ ಹಲ್ಲು

ಬೆಳಿಗ್ಗೆ ಪಾವ್ ಸುಡುವ ಇನಾಸಿ, ಮೇ ತಿಂಗಳ ಸಂಜೆಗಳಲ್ಲಿ ಊರ ಶಿಲುಬೆಯ ಮುಂದೆ ಪ್ರಾರ್ಥನೆ ಹಾಡಿಸುತ್ತಿದ್ದ. ಒಬ್ಬೊಬ್ಬ ಸಂತರ ಹೆಸರನ್ನೂ ಮನಸ್ಸಿಗೆ ಬಂದಷ್ಟು ಎಳೆಯುತ್ತಿದ್ದ. ಅವನು ಮುಗಿಸಿದೊಡನೆ, ಒಂದು ಬದಿಗೆ ಗಂಡಸರು ಇನ್ನೊಂದು ಬದಿಗೆ ಹೆಂಗಸರಾಗಿ ನಿಂತ ಜನ ಉತ್ತರ ಹಾಡಬೇಕು.

ಅವನ ಎರಡು ದವಡೆ ಹಲ್ಲುಗಳಿಗೆ ಹಿಂದೆಂದೋ ತುಂಬಿಸಿದ್ದ ಲೋಹ ಕಪ್ಪಾಗಿತ್ತು. ಹೆಸರಿನ ಕೊನೆಗೆ ಬಾಯಿ ಅಗಲಿಸಿದಾಗ ಒಂದು ಗಂಡಸರ ಕಡೆಗೆ ಕಾಣುತ್ತಿತ್ತು, ಇನ್ನೊಂದು ಹೆಂಗಸರ ಕಡೆಗೆ.

"ನಿನ್ನ ಬಾಯಿ ನೋಡಿದ್ರೆ ಪಾವ್ ಒಲೆ ನೋಡಿದ ಹಾಗಾಗುತ್ತೆ ಮಾರಾಯ," ಎಂದು ಹೆಂಡತಿ ಪಿಯೆದಾದ್ ಹಂಗಿಸುತ್ತಿದ್ದಳು.

ಹೆಂಗಸರ ಕಡೆಯ ಹಲ್ಲಿನ ಲೋಹ ಬಿರುಕು ಬಿಟ್ಟಾಗ ಇನಾಸಿ ಅದನ್ನು ತೆಗೆಸಿ, ಹಲ್ಲಿನ ಬಣ್ಣದ್ದನ್ನೇ ತುಂಬಿಸಿಕೊಂಡ. ಇನ್ನೊಂದನ್ನೂ ಬದಲಾಯಿಸಿ ಎಂದು ಹಲ್ಲಿನ ಡಾಕ್ಟರಿಗೆ ಹೇಳಿದ.

"ಅದು ಗಟ್ಟಿಯಾಗಿದೆ. ಸುಮ್ನೆ ಯಾಕೆ ಕೆದಕೋದು?" ಎಂದರು ಡಾಕ್ಟರು.

ಇನಾಸಿ ಕೇಳಲಿಲ್ಲ. ಮುಂದಿನ ವಾರ ಬರುತ್ತೇನೆಂದು ಹೇಳಿಯೇ ಎದ್ದ.

ಆ ಸಂಜೆ ಮೊದಲ ಹೆಸರನ್ನು ಎಳೆದೆಳೆದು, ಕೊನೆಗೆ ಬಾಯಿ ಅಗಲಿಸಿದ. ಗಂಡಸರು ಉತ್ತರ ಎತ್ತಿದರು. ಹೆಂಗಸರು ಅವನ ಬಾಯನ್ನೇ ನೋಡುತ್ತ ಸುಮ್ಮನೆ ನಿಂತಿದ್ದರು.

"ಯಾಕೆ, ನಾಲಿಗೆ ಬಿದ್ದುಹೋಯ್ತಾ?" ಎಂದ ಮೆಲ್ಲಗೆ.

"ನೀನು ಮುಗಿಸಿದ್ದು ನಮಗೆ ಗೊತ್ತಾಗೋದು ಹೇಗೆ? ಆ ಕರಿ ಹಲ್ಲು ಕಂಡಮೇಲೆ ತಾನೇ ನಾವು ಶುರುಮಾಡ್ತಿದ್ದದ್ದು," ಎಂದಳು ಪಿಯೆದಾದ್.

ಇನಾಸಿಗೆ ನಗು ತಡೆಯಲಾಗಲಿಲ್ಲ. ಮುಂದಿನ ವಾರ ಡಾಕ್ಟರ ಬಳಿ ಹೋಗುವುದನ್ನು ಅಲ್ಲಿಯೇ ಕೈಬಿಟ್ಟ. ಉಳಿದ ಕರಿ ಹಲ್ಲು ಹೆಂಗಸರಿಗೂ ಕಾಣುವಂತೆ ಕತ್ತು ಹೊರಳಿಸಿ ಎರಡನೆಯ ಹೆಸರು ಎತ್ತಿದ. ಬಾಯಿ ಅಗಲಿಸಿದ್ದೇ ತಡ, ಎಲ್ಲರಿಗಿಂತ ಮೊದಲು ಪಿಯೆದಾದಳ ದನಿ ಬಂತು.