ಹೊಂಡದ ಮೀನಿಗೆ ಮೆಂತ್ಯದ ಉಂಡೆ

ಎಂಬತ್ತರ ದಶಕದ ಶುರುವಿನಲ್ಲಿ ಸೂಳೆಕೆರೆ ಹತ್ತಿರದ ನಮ್ಮ ಹೊಲದ ಮೂಲೆಯಲ್ಲಿ ನಮ್ಮ ಯಜಮಾನರು ಹೊಂಡ ತೋಡಿಸಿ ಮೀನುಮರಿ ಬಿಟ್ಟರು. ನಾವು ಲಿಂಗ ಕಟ್ಟಿಕೊಂಡವರು, ಮನೆಯಲ್ಲಿ ಮೀನು ಮುಟ್ಟುವವರೇ ಇಲ್ಲ. ಬೆಳೆಸಿ ಮಾರುವುದಷ್ಟೇ ಎಂದು ಇವರ ವಾದ. ಮಾವನವರು ಹೇಳಿದ್ದು ಒಂದೇ ಮಾತು: "ಬ್ಯಾಸಗಿ ತನಕ ನೋಡ್ತೀನಿ. ಮೀನು ದಪ್ಪ ಆಗ್ಲಿಲ್ಲ ಅಂದ್ರೆ ಹೊಂಡ ಮುಚ್ಚಿ ಬತ್ತ ಹಾಕ್ತೀನಿ."

ಅಲ್ಲಿಂದ ನನ್ನ ಗ್ರಹಚಾರ ಶುರುವಾಯಿತು. ತೌಡು, ಶೇಂಗಾ ಹಿಂಡಿ ಕಲಸಿ ಹಾಕಿದರೆ ಮೀನುಗಳು ಮೂಸಿಯೂ ನೋಡುತ್ತಿರಲಿಲ್ಲ. ನ್ಯಾಮತಿಯ ಹಿಂಡಿ ಅಂಗಡಿಯವನು ಇವರಿಗೆ, "ಬಾಯಿರುಚಿ ಕೆಟ್ಟೈತೆ. ಮೆಂತ್ಯ, ಬೆಳ್ಳುಳ್ಳಿ ಅರೆದು ಸೇರಿಸ್ರಿ, ಹೆಂಗೆ ತಿಂತಾವೆ ನೋಡ್ರಿ" ಅಂದನಂತೆ. ಅರೆಯುವವಳು ಯಾರು? ನಾನು! ಮೆಂತ್ಯ ಆಯಿತು, ಓಮ ಆಯಿತು, ಬೆಲ್ಲದ ನೀರಾಯಿತು, ದನಕ್ಕೆ ತಂದ ಖನಿಜದ ಪುಡಿಯೂ ಆಯಿತು. ಒಗ್ಗರಣೆಗೆ ಬೆಳ್ಳುಳ್ಳಿ ಎಸಳಿಲ್ಲ, ಮೀನಿಗೆ ಮಾತ್ರ ಬಾಣಂತಿ ಉಪಚಾರ.

"ರೀ, ನಾನು ಬಸುರಿದ್ದಾಗ ಬಾಯಿರುಚಿ ಕೆಟ್ಟಿತ್ತಲ್ಲ, ಒಂದು ನಿಂಬೆಹಣ್ಣು ತಂದಿದ್ರಾ?" ಎಂದು ಕೇಳಿದೆ. ಇವರು ಮೆಂತ್ಯದ ಡಬ್ಬಿ ನನ್ನ ಕಡೆ ಸರಿಸಿ ಹೊಂಡಕ್ಕೆ ಹೊರಟರು. ಉಂಡೆಗಳು ಹಾಕಿದಲ್ಲೇ ಕೊಳೆಯುತ್ತಿದ್ದವು. ಹೊಂಡ ಹೋಗುತ್ತದೆಂಬ ಚಿಂತೆಯಲ್ಲಿ ಇವರಿಗೇ ಅನ್ನ ಸೇರುತ್ತಿರಲಿಲ್ಲ. ಅದನ್ನು ನೋಡಿ ಸಿಟ್ಟೂ ಬರುತ್ತಿತ್ತು, ಕರುಳೂ ಚುರ್ ಎನ್ನುತ್ತಿತ್ತು.

ಒಂದು ಸೋಮವಾರ ಇವರು ಚನ್ನಗಿರಿಗೆ ಹೋಗಿದ್ದರಿಂದ ಉಂಡೆ ಹಾಕಲು ನಾನೇ ಹೋದೆ. ನೋಡಿದರೆ ಹೊಂಡದ ಏರಿ ಮೇಲೆ ಮಾವನವರು! ಪೂಜೆ ಮುಗಿಸಿ ನೇರ ಬಂದವರು, ಹಣೆ ತುಂಬ ವಿಭೂತಿ, ಮಡಿಲ ತುಂಬ ಮಂಡಕ್ಕಿ. ಪಕ್ಕದಲ್ಲಿ ಓಣಿಯ ಹೆಂಗಸರು, ಅವರ ಸೆರಗಿನಲ್ಲೂ ಮಂಡಕ್ಕಿ. ಬಾಯಿರುಚಿ ಕೆಟ್ಟ ಮೀನುಗಳು ಮುಗಿಬಿದ್ದು ನುಂಗುತ್ತಿದ್ದವು.

"ಮಾವ, ಇದೇನ್ರಿ?"

"ಮೀನಿಗೆ ಮಂಡಕ್ಕಿ ಹಾಕಿದ್ರೆ ಪುಣ್ಯ ಐತೆ ನೋಡಮ್ಮ. ದಿನಾ ಹಾಕ್ತೀವಿ."

ಮಂಡಕ್ಕಿ ತಿಂದು ದಪ್ಪಗಾದವರನ್ನು ನಾನಂತೂ ಕಂಡಿಲ್ಲ. ಸಂಜೆ ಯಜಮಾನರು ಅಪ್ಪನ ಕೈಕಾಲು ಹಿಡಿದು ಮಂಡಕ್ಕಿ ನಿಲ್ಲಿಸಿದರು. ಪುಣ್ಯ ಬಿಡಲಾಗದ ಮಾವನವರು ಮೆಂತ್ಯದ ಉಂಡೆಗಳನ್ನೇ ತಮ್ಮ ಕೈಯಾರೆ ಹಾಕತೊಡಗಿದರು. ಬೇಸಿಗೆಯ ಹೊತ್ತಿಗೆ ಮೀನುಗಳು ಮೊಳಕೈ ಉದ್ದವಾದವು.

ಬಲೆಯವರು ಬಂದರು. ಮಾವನವರು ಏರಿಗೆ ಅಡ್ಡ ಕೂತರು.

"ಅನ್ನ ಹಾಕಿದ ಕೈಯಾಗೇ ಬಲೆ ಹಾಕ್ತೀಯೇನೋ?"

"ಹಂಗಾದ್ರೆ ಹೊಂಡ ಮುಚ್ಚಿಬಿಡ್ರಿ ಅಪ್ಪಾಜಿ," ಅಂದರು ಇವರು.

"ಮುಚ್ಚಾಕೆ ಏನಾಗೈತೆ? ಮೀನು ಎಲ್ಲಿಗೆ ಹೋಗ್ಬೇಕು?"

ಬಲೆಯವರು ನಗುತ್ತಾ ವಾಪಸ್ ಹೋದರು. ಮಾವನವರು ನನ್ನ ಕಡೆ ತಿರುಗಿದರು.

"ನಾಳೆಯಿಂದ ಮೆಂತ್ಯ ಒಂದಿಷ್ಟು ಜಾಸ್ತಿ ಅರೆಯಮ್ಮ. ಸಣ್ಣವು ಇನ್ನೂ ಸೊರಗ್ಯಾವೆ."